ಅಡುಗೆಮನೆಯ ಆಜ್ಞೆಗಳು

ಮಾರ್ಚ್ 6, ಗುರುವಾರ

ಇವತ್ತು ದೋಣಿ ಮುಳುಗಬೇಕಿತ್ತು. ಮುಳುಗಲಿಲ್ಲ. ಯಾಕೆ ಮುಳುಗಲಿಲ್ಲ ಎನ್ನುವುದು ನನಗೊಬ್ಬಳಿಗೇ ಗೊತ್ತು. ಯಾರಿಗೂ ಹೇಳುವಂತಿಲ್ಲ, ಹೇಳದೆ ಇರಲೂ ಆಗುತ್ತಿಲ್ಲ. ಅಂಚೆ ಕಚೇರಿಯಲ್ಲಿ ನನ್ನ ಕೊನೆಯ ದಿನ ಕೊಟ್ಟಿದ್ದ ದಪ್ಪ ಪುಸ್ತಕ ತೆಗೆದು ಬರೆಯಲು ಕೂತಿದ್ದೇನೆ.

ದೋಣಿ ಎಂದರೆ ಕಂಪ್ಯೂಟರಿನೊಳಗಿನ ಜಲಾಂತರ್ಗಾಮಿ. ನನ್ನ ಗಂಡ ತ್ರಿಪೋ, ಅವನ ಗೆಳೆಯರಾದ ಯೋಸೋ ಮತ್ತು ಸ್ತಾನೆ, ಮೂವರೂ ಹರೆಯದಲ್ಲಿ ನಿಜವಾದ ಜಲಾಂತರ್ಗಾಮಿಯಲ್ಲಿ ನಾಲ್ಕು ವರ್ಷ ಒಂದೇ ಗಾಳಿ ಉಸಿರಾಡಿದವರು. ಆಮೇಲೆ ದೇಶ ಒಡೆಯಿತು. ಯೋಸೋ ಶಿಬೆನಿಕ್‌ನಲ್ಲಿ ಉಳಿದ, ಸ್ತಾನೆ ಕೋಪರ್‌ನಲ್ಲಿ, ನಾವು ಇಲ್ಲಿ ಕೊಲ್ಲಿಯ ದಡದ ಪೆರಾಸ್ತ್‌ನಲ್ಲಿ. ಈಗ ಮೂವರ ಪಾಸ್‌ಪೋರ್ಟೂ ಬೇರೆ ಬೇರೆ. ಮೂರು ಚಳಿಗಾಲದ ಹಿಂದೆ ಸ್ತಾನೆಯ ಮಗಳು ಈ ಆಟವನ್ನು ಹುಡುಕಿ ಎಲ್ಲರ ಮನೆಯಲ್ಲೂ ಜೋಡಿಸಿಕೊಟ್ಟಳು. ಅಂದಿನಿಂದ ಪ್ರತಿ ಗುರುವಾರ ಸಂಜೆ ಐದಕ್ಕೆ ಮೂವರೂ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ನೀರಿಗಿಳಿಯುತ್ತಾರೆ. ತ್ರಿಪೋ ಕ್ಯಾಪ್ಟನ್. ಸ್ತಾನೆ ಎಂಜಿನ್ ನೋಡಿಕೊಳ್ಳುತ್ತಾನೆ. ಯೋಸೋ ಆಗಿನಂತೆ ಈಗಲೂ ದೋಣಿಯ ಕಿವಿ. ನೀರಿನ ಸದ್ದು ಕೇಳಿಯೇ ಎದುರಿಗೇನಿದೆ ಎಂದು ಹೇಳುವವನು.

ಆಟ ಓಡುವುದು ಮಾತ್ರ ನನ್ನ ಅಡುಗೆಮನೆಯ ಕಂಪ್ಯೂಟರಿನಲ್ಲಿ, ಮೂವರ ಮಾತೂ ನನಗಲ್ಲಿ ಕೇಳಿಸುತ್ತದೆ. "ಮೂವತ್ತೊಂದು ವರ್ಷ ತಂತಿ ಕಳಿಸಿದೋರು, ತಪ್ಪಿಲ್ಲದೆ ಟೈಪ್ ಮಾಡೋರು ನೀವೊಬ್ರೇ" ಎಂದು ಆ ಹುಡುಗಿ ನನ್ನನ್ನು ಯಜಮಾನಿ ಮಾಡಿದಳು. ಕೀಲಿಮಣೆಯ ಎಡಮೂಲೆಯ ಗುಂಡಿ ಒತ್ತಿದರೆ ಪರದೆಯ ಮೇಲಿನಿಂದ ಒಂದು ಕಪ್ಪು ಪಟ್ಟಿ ಇಳಿಯುತ್ತದೆ. ಅದಕ್ಕೆ ಕನ್ಸೋಲ್ ಎನ್ನುತ್ತಾರೆ. ಅಲ್ಲಿ ಆಜ್ಞೆ ಬರೆದರೆ ಆಟ ಮರುಮಾತಿಲ್ಲದೆ ಕೇಳುತ್ತದೆ. ನೀರು ಹೊರಗೆ. ಗೋಡೆ ಸರಿ. ಸತ್ತವನಿಗೆ ಜೀವ. ಆಟದ ದೋಷದಿಂದ ಯಾರಾದರೂ ಗೋಡೆಯೊಳಗೆ ಸಿಕ್ಕಿಕೊಂಡರೆ ಬಿಡಿಸಲಿಕ್ಕೆ ಮಾತ್ರ ಅದು. ಮೊದಲ ದಿನವೇ ಯೋಸೋ ಹೇಳಿದ್ದ, "ಅತ್ತಿಗೆ, ನಾವು ಮುಳುಗಿದ್ರೆ ಮುಳುಗ್ಲಿ. ನೀವು ದೇವರಾಗೋಕೆ ಹೋಗ್ಬೇಡಿ."

ಇವತ್ತು ತ್ರಿಪೋ ಮುಂದಿನ ಕೋಣೆಯ ಬಾಗಿಲು ಮುಚ್ಚಿಸದೆಯೇ ದೋಣಿ ಇಳಿಸಿದ. ನನ್ನ ಪರದೆಯಲ್ಲಿ ಇಡೀ ದೋಣಿ ಸೀಳಿಟ್ಟ ಮೀನಿನಂತೆ ಒಳಗೆಲ್ಲ ಕಾಣುತ್ತದೆ. ಮುಂದಿನ ಕೋಣೆಯಲ್ಲಿ ನೀರಿನ ನೀಲಿ ಏರತೊಡಗಿತು.

"ಮುಂದೆ ನೀರು, ಕ್ಯಾಪ್ಟನ್," ಎಂದ ಸ್ತಾನೆ.

ತ್ರಿಪೋ ಮಾತಾಡಲಿಲ್ಲ. ಮನೆಯ ಪಕ್ಕದ ಕೋಣೆಯಲ್ಲಿ ಅವನ ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು, ಅಷ್ಟೆ. ಆ ಮೌನ ನನ್ನಿಂದ ತಡೆಯಲಾಗಲಿಲ್ಲ. ಗುಂಡಿ ಒತ್ತಿದೆ, ಬರೆದೆ. ನೀರು ಹೋಯಿತು.

"ಪಂಪು ಎಳ್ಕೊಂಡ್ಬಿಡ್ತಾ?" ಎಂದ ಸ್ತಾನೆ.

"ಎಳ್ಕೊಳ್ದೆ ಇನ್ನೇನು. ನಡಿ ಮುಂದೆ," ಎಂದ ತ್ರಿಪೋ.

ರಾತ್ರಿಯೂಟಕ್ಕೆ ಸೊಪ್ಪು ಆಲೂಗೆಡ್ಡೆ ಎರಡು ಸಲ ಹಾಕಿಸಿಕೊಂಡ. ನಾನು ಗುಂಡಿ ಒತ್ತಿದ್ದು ಒಂದೇ ಒಂದು ಸಲ. ಮತ್ತೆ ಮಾಡುವುದಿಲ್ಲ.

ಮಾರ್ಚ್ 13

ಎರಡು ಸಲ. ಬಲಕ್ಕೆ ಎಂದು ಹೇಳಿ ಎಡಕ್ಕೆ ತಿರುಗಿಸಿದ. ಕನ್ನಡಕ ಬದಲಿಸಬೇಕು. ತೆಂಕಣದ ಯೂಗೋ ಗಾಳಿ ನಾಲ್ಕು ದಿನದಿಂದ ಬಿಟ್ಟಿಲ್ಲ, ಈ ಗಾಳಿಗೆ ಯಾರ ತಲೆ ತಾನೇ ಸರಿಯಿರುತ್ತದೆ.

ಮಾರ್ಚ್ 20

ಹೊಸ ಆಜ್ಞೆಯೊಂದು ಕಲಿತೆ. ದೋಣಿಯನ್ನೇ ಎತ್ತಿ ಬೇರೆ ಜಾಗದಲ್ಲಿಡುವುದು. ಬೇಕಾಗಿಯೇ ಕಲಿತದ್ದು. ಯೋಸೋ ಸ್ಪಷ್ಟವಾಗಿ ಹೇಳಿದ್ದ, "ಎದುರಿಗೆ ಬಂಡೆ, ಇನ್ನೂರು ಮೀಟರ್." ತ್ರಿಪೋ "ಸರಿ" ಎಂದ. ಆಮೇಲೆ ನೇರ ಅದರತ್ತಲೇ ನಡೆಸಿದ.

"ಬಡೀತಲ್ಲ," ಎಂದ ಸ್ತಾನೆ. "ಬಡಿದ ಸದ್ದು ಕೇಳಿದೆ ನಾನು."

"ಬಡಿದಿದ್ರೆ ನೀನೀಗ ಮಾತಾಡ್ತಿರ್ಲಿಲ್ಲ," ಎಂದ ತ್ರಿಪೋ. "ಎಂಜಿನ್ ನೋಡ್ಕೋ. ಯಾವಾಗ್ಲೂ ಹೆದರುಪುಕ್ಲ ನೀನು."

ಸ್ತಾನೆ ನಕ್ಕ. ಯೋಸೋ ನಗಲಿಲ್ಲ.

ಮಧ್ಯಾಹ್ನ ಕಟ್ಟೆಯ ಬಳಿ ನಮ್ಮ ಚಿಕ್ಕ ದೋಣಿ ಕಟ್ಟುವಾಗ ತ್ರಿಪೋ ಗಂಟನ್ನು ನಾಲ್ಕು ಸಲ ಬಿಚ್ಚಿ ಕಟ್ಟಿದ. ನಾಲ್ಕನೆಯ ಸಲವೂ ಅದು ಗಂಟಾಗಿರಲಿಲ್ಲ. "ಹಗ್ಗ ಹಳೇದು," ಎಂದ. ಹಗ್ಗ ಹೌದು, ಹಳೆಯದೇ.

ಏಪ್ರಿಲ್ 3

ಬೆಳಿಗ್ಗೆ ಕೊಟೋರ್‌ಗೆ ಹೋಗಿದ್ದೆವು. ಪ್ರಯಾಣಿಕರ ದೋಣಿ ನಡೆಸುವವರಿಗೆ ವರ್ಷಕ್ಕೊಮ್ಮೆ ವೈದ್ಯರ ಸಹಿ ಬೇಕು. ಮೇ ಒಂದರಿಂದ ತ್ರಿಪೋ ಎಂದಿನಂತೆ ಊರಿನ ದೋಣಿ ಮಾಲೀಕ ನಿಕ್ಷಾನ ದೋಣಿಯಲ್ಲಿ ಜನರನ್ನು ಎದುರಿನ ದ್ವೀಪದ ಚರ್ಚಿಗೆ ಕರೆದೊಯ್ದು ತರಬೇಕು. ಹನ್ನೆರಡು ವರ್ಷದಿಂದ ಅದನ್ನೇ ಮಾಡುತ್ತಿದ್ದಾನೆ.

ವೈದ್ಯೆ ಚಿಕ್ಕ ವಯಸ್ಸಿನವಳು. ರಕ್ತದೊತ್ತಡ ನೋಡಿದಳು, ಕಣ್ಣು ನೋಡಿದಳು. "ಮರೆವು ಏನಾದ್ರೂ ಉಂಟಾ?" ಎಂದು ಕೇಳಿದಳು.

"ಡಾಕ್ಟ್ರೇ, ಪ್ರತಿ ಗುರುವಾರ ಜಲಾಂತರ್ಗಾಮಿ ನಡೆಸ್ತೀನಿ ನಾನು," ಎಂದ ತ್ರಿಪೋ. "ಇಬ್ಬರು ಮುದುಕರನ್ನ ಕಟ್ಕೊಂಡು. ಈ ವರ್ಷ ಒಂದು ಸಲಾನೂ ಮುಳುಗಿಸಿಲ್ಲ. ಬೇಕಾದ್ರೆ ಇವಳನ್ನ ಕೇಳಿ."

ಅವಳು ನನ್ನ ಕಡೆ ನೋಡಿದಳು. "ಹೌದು, ಒಂದು ಸಲವೂ ಮುಳುಗಿಲ್ಲ," ಎಂದೆ. ಅದು ಸುಳ್ಳಲ್ಲ. ಅವಳು ನಕ್ಕು ಸಹಿ ಹಾಕಿದಳು.

ಸಂಜೆಯ ಆಟದಲ್ಲಿ ಹದಿನಾಲ್ಕು ಸಲ.

ಏಪ್ರಿಲ್ 11

ಆಟ ತಡವರಿಸುತ್ತಿದೆ ಎಂದು ಸ್ತಾನೆಯ ಮಗಳಿಗೆ ಫೋನ್ ಮಾಡಿದ್ದೆ. "ಅದರದ್ದೇ ಒಂದು ದಾಖಲೆ ಫೈಲ್ ಇರುತ್ತೆ ಆಂಟಿ, ತುಂಬಾ ದೊಡ್ಡದಾಗಿರ್ಬೇಕು, ತೆಗೆದು ನೋಡಿ," ಎಂದಳು. ತೆಗೆದೆ. ನಾನು ಒತ್ತಿದ ಪ್ರತಿಯೊಂದು ಆಜ್ಞೆಯೂ ಅಲ್ಲಿ ತಾರೀಖು, ಗಂಟೆ, ನಿಮಿಷದ ಸಮೇತ ಕೂತಿದೆ. ಮಾರ್ಚ್ ಆರು, ಒಂದು. ನಿನ್ನೆ, ಮೂವತ್ತೆರಡು.

ಮೂವತ್ತೆರಡು ಇರಲಿಕ್ಕಿಲ್ಲ ಎಂದುಕೊಂಡು ಮತ್ತೆ ಎಣಿಸಿದೆ. ಮೂವತ್ತೆರಡೇ.

ಫೈಲ್ ಅಳಿಸಿದೆ. ಈಗ ಆಟ ಚುರುಕಾಗಿದೆ. ಅದೇನು ದೊಡ್ಡ ವಿಷಯವಲ್ಲ. ಆಮೇಲೆ ಮನೆಯ ಕಿಟಕಿ ಒರೆಸಿದೆ, ಎಲ್ಲ ಕಿಟಕಿಗಳನ್ನೂ.

ಏಪ್ರಿಲ್ 21, ಈಸ್ಟರ್ ಮಾರನೆಯ ದಿನ

ತ್ರಿಪೋ ಹಬ್ಬದ ಬಣ್ಣದ ಮೊಟ್ಟೆಗಳ ಬುಟ್ಟಿ ಹಿಡಿದು ಅವನ ತಂಗಿಯ ಮನೆಗೆ ಹೋಗಿದ್ದ. ಆಗಲೇ ಯೋಸೋ ಫೋನ್ ಮಾಡಿದ. ತ್ರಿಪೋ ಇಲ್ಲದ ಹೊತ್ತು ನೋಡಿಯೇ ಮಾಡಿದ್ದಾನೆ.

"ಅತ್ತಿಗೆ, ಒಂದು ಮಾತು. ಸಿಟ್ಟಾಗ್ಬಾರ್ದು."

"ಹೇಳಿ."

"ನೀವು ಒತ್ತೋದನ್ನ ನಿಲ್ಸಿ."

ಏನು ಒತ್ತುವುದು ಎಂದು ಕೇಳಿದೆ. ನನ್ನ ದನಿ ನನಗೇ ಬೇರೆಯವರದಂತೆ ಕೇಳಿಸಿತು.

"ನನ್ನ ಕೆಲಸಾನೇ ಕೇಳೋದು ಅತ್ತಿಗೆ. ಪ್ರತಿ ಪವಾಡಕ್ಕೂ ಮುಂಚೆ ಅವನ ಮೈಕಿನಲ್ಲಿ ನಿಮ್ಮ ಅಡುಗೆಮನೆಯಿಂದ ಟಕಟಕ ಅಂತ ಕೇಳ್ಸುತ್ತೆ. ಮೊದ್ಲು ಈರುಳ್ಳಿ ಹೆಚ್ತಿದೀರಿ ಅಂದ್ಕೊಂಡಿದ್ದೆ. ಅದು ಬಿಡಿ. ನಾಲ್ಕು ವರ್ಷ ಕತ್ತಲಲ್ಲಿ ಅವನ ದನಿ ಕೇಳಿದವನು ನಾನು. ಅವನು ಆಜ್ಞೆ ಕೊಡುವಾಗ ಮಧ್ಯದಲ್ಲಿ ನಿಲ್ಲೋನಲ್ಲ. ಈಗ ನಿಲ್ತಾನೆ. ಏನು ಹೇಳೋಕೆ ಹೊರಟೆ ಅಂತ ಹುಡುಕ್ತಾನೆ. ಡಾಕ್ಟರ ಹತ್ರ ಕರ್ಕೊಂಡು ಹೋಗಿ."

"ಡಾಕ್ಟರು ನೋಡಿ ಆಯ್ತು. ಸಹಿಯೂ ಹಾಕಿದಾರೆ. ಅವನು ಚೆನ್ನಾಗೇ ಇದಾನೆ," ಎಂದೆ. "ನೀವು ಮೂವರೂ ಸಣ್ಣವರಲ್ಲ. ಎಲ್ಲರೂ ಮಧ್ಯದಲ್ಲಿ ನಿಲ್ತೀರಿ." ಫೋನ್ ಇಟ್ಟುಬಿಟ್ಟೆ. ಹಬ್ಬಕ್ಕೆ ಶುಭಾಶಯ ಕೂಡ ಹೇಳಲಿಲ್ಲ.

ಸಂಜೆ ಕಂಪ್ಯೂಟರನ್ನು ಮಲಗುವ ಕೋಣೆಗೆ ಸಾಗಿಸಿದೆ. ಅಲ್ಲಿಂದ ಸದ್ದು ಹೋಗುವುದಿಲ್ಲ.

ಮೇ 1

ಇವತ್ತಿನಿಂದ ಪ್ರಯಾಣಿಕರು. "ನಾನೂ ಬರ್ತೀನಿ, ಮುದುಕಿಯರು ಹತ್ತುವಾಗ ಕೈ ಹಿಡಿಯೋಕೆ ಯಾರಾದ್ರೂ ಬೇಕಲ್ಲ," ಎಂದು ನಿಕ್ಷಾನಿಗೆ ಹೇಳಿದೆ.

"ಬನ್ನಿ ಚಿಕ್ಕಮ್ಮ, ಬೇಡ ಅಂತೀನಾ," ಎಂದ. ಒಳ್ಳೆಯ ಹುಡುಗ, ನಲವತ್ತೈದಾದರೂ ನನಗೆ ಹುಡುಗನೇ.

ಆರು ಸಲ ಹೋಗಿ ಬಂದೆವು. ಚುಕ್ಕಾಣಿಯ ಪಕ್ಕದ ಪೆಟ್ಟಿಗೆಯ ಮೇಲೆ ಕೂತಿದ್ದೆ. ಏನೂ ಆಗಲಿಲ್ಲ. ಒಂದೆರಡು ಸಲ ನಾನು ಮೆಲ್ಲಗೆ "ಎಡಕ್ಕೆ" ಎಂದೆ, ಅವನು ಎಡಕ್ಕೆ ತಿರುಗಿಸಿದ.

ಮೇ 5

ಐದನೆಯ ದಿನ. ನನ್ನ ಬೆನ್ನು ನೋಯುತ್ತಿದೆ. ಅವನು ತಿರುಗಿಸುವ ಮೊದಲೇ ನಾನು ಹೇಳುತ್ತೇನೆ. ಎಡಕ್ಕೆ, ನಿಧಾನ, ಈಗ ಹಗ್ಗ. ಅವನು ಸಿಟ್ಟಾಗುವುದಿಲ್ಲ. ಮೊದಲಾಗಿದ್ದರೆ ನನ್ನನ್ನು ನೀರಿಗೆ ತಳ್ಳುತ್ತಿದ್ದ.

ಮೇ 8

ಆಟ ಬೇಡ ಎಂದೆ, ತಲೆನೋವಿನ ನೆಪ ಹೇಳಿ. ತ್ರಿಪೋ ಹಟ ಮಾಡಲಿಲ್ಲ.

ಮೇ 10, ಶನಿವಾರ

ಇವತ್ತಿನದನ್ನು ಇವತ್ತೇ ಬರೆದಿಡಬೇಕು.

ಮೂರನೆಯ ಸುತ್ತು. ದೋಣಿಯಲ್ಲಿ ಇಪ್ಪತ್ತಾರು ಜನ, ಎಲ್ಲಿಂದಲೋ ಬಂದ ಚರ್ಚ್ ಗಾಯಕಿಯರು, ಎಲ್ಲರೂ ವಯಸ್ಸಾದವರು. ಒಬ್ಬಾಕೆಗೆ ವಾಕರಿಕೆ ಬಂದು ನಾನು ಹಿಂದೆ ಹೋಗಿ ಅವಳ ತಲೆ ಹಿಡಿದುಕೊಂಡಿದ್ದೆ. ಎರಡೋ ಮೂರೋ ನಿಮಿಷ. ತಲೆ ಎತ್ತಿ ನೋಡಿದರೆ ದ್ವೀಪ ನಮ್ಮ ಬೆನ್ನಿಗಿದೆ. ದೋಣಿ ಪೂರ್ತಿ ವೇಗದಲ್ಲಿ ದೊಡ್ಡ ಹಡಗುಗಳ ದಾರಿಗೆ ಅಡ್ಡ ಹೊರಟಿದೆ. ಜಲಸಂಧಿಯ ಕಡೆಯಿಂದ ಪ್ರವಾಸಿ ಹಡಗು ಬರುತ್ತಿದೆ, ಹತ್ತು ಅಂತಸ್ತಿನದು, ಬಿಳಿ ಗೋಡೆಯ ಹಾಗೆ.

ಓಡಿದೆ. ತ್ರಿಪೋ ಚುಕ್ಕಾಣಿ ಹಿಡಿದು ನೆಟ್ಟಗೆ ನಿಂತಿದ್ದ. ನನ್ನ ಕಡೆ ತಿರುಗಿ ಬಹಳ ಸಾವಧಾನವಾಗಿ ಕೇಳಿದ, "ಎಲ್ಲಿಗೆ?"

ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಆ ಗಳಿಗೆಯಲ್ಲಿ ನನ್ನ ಬೆರಳುಗಳು ದೋಣಿಯ ಕಟಕಟೆಯ ಮೇಲೆ ಟೈಪ್ ಮಾಡಿದವು. ದೋಣಿಯನ್ನೆತ್ತಿ ಬೇರೆ ಕಡೆ ಇಡುವ ಆಜ್ಞೆ, ಪೂರ್ತಿಯಾಗಿ, ಒಂದು ಅಕ್ಷರ ತಪ್ಪದಂತೆ. ಹಡಗು ಕೊಂಬು ಊದಿತು. ಆಗ ನನಗೆ ಎಚ್ಚರವಾಯಿತು. ವೇಗದ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆಳೆದೆ. ದೋಣಿ ಮುಗ್ಗರಿಸಿದಂತೆ ನಿಂತಿತು. ಹಡಗು ನಮ್ಮೆದುರಿನಿಂದ ಹಾದುಹೋಯಿತು, ಮುಗಿಯುವುದೇ ಇಲ್ಲವೇನೋ ಎನ್ನುವಷ್ಟು ಉದ್ದ. ಅದರ ಅಲೆ ಬಂದು ಬಡಿದಾಗ ಗಾಯಕಿಯರಲ್ಲೊಬ್ಬಳು ಬಿದ್ದಳು. ಮಣಿಕಟ್ಟು ಮುರಿದಿದೆ.

"ಎಂಜಿನ್ ಕೈಕೊಡ್ತು," ಎಂದ ತ್ರಿಪೋ, ಎಲ್ಲರಿಗೂ ಕೇಳುವಂತೆ.

ದಡದಲ್ಲಿ ನಿಕ್ಷಾ ಕೇಳಿದಾಗ ನಾನೂ ಅದನ್ನೇ ಹೇಳಿದೆ.

ಮೇ 12

ಎಂಜಿನ್ ನೋಡಿಕೊಳ್ಳುವ ಆಂದ್ರೋನನ್ನು ನಿಕ್ಷಾ ಕೆಲಸದಿಂದ ತೆಗೆದಿದ್ದಾನೆ. ಬ್ರೆಡ್ ಅಂಗಡಿಯಲ್ಲಿ ಆಂದ್ರೋನ ಹೆಂಡತಿ ಸಿಕ್ಕಿದಳು. "ಎಂಜಿನ್ ಬಿಚ್ಚಿ ಜೋಡಿಸಿ ಎರಡು ಸಲ ನೋಡಿದಾನೆ, ಏನೂ ಸಿಗ್ತಿಲ್ಲ. ಇಪ್ಪತ್ತಾರು ಜನರ ಜೀವ ತೆಗೀತಿದ್ದೆನಲ್ಲ ಅಂತ ಕೂತ್ಬಿಟ್ಟಿದಾನೆ ಅಮ್ಮ, ಊಟ ಮಾಡ್ತಿಲ್ಲ," ಎಂದಳು. ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ಬಿಡಿಸಿಕೊಂಡು ಬಂದೆ. ಬ್ರೆಡ್ಡನ್ನು ಅಲ್ಲೇ ಬಿಟ್ಟು ಬಂದಿದ್ದೇನೆ.

ದೋಣಿ ರಿಪೇರಿಯಲ್ಲಿದೆ, ಶುಕ್ರವಾರ ಮತ್ತೆ ನೀರಿಗೆ.

ಮೇ 13

ಯೋಸೋಗೆ ನಾನೇ ಫೋನ್ ಮಾಡಿದೆ. "ಗುರುವಾರ ಆಡೋಣ. ನಾನು ಏನೂ ಒತ್ತಲ್ಲ," ಎಂದೆ. ಅವನು "ಸರಿ ಅತ್ತಿಗೆ" ಎಂದ. ಈಸ್ಟರಿನ ಮಾತು ಎತ್ತಲಿಲ್ಲ.

ಮೇ 15, ಗುರುವಾರ

ಕಂಪ್ಯೂಟರನ್ನು ಅಡುಗೆಮನೆಗೆ ವಾಪಸು ತಂದೆ. ಆಟ ಶುರುವಾದ ಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಹನ್ನೊಂದು ನಿಮಿಷ. ಮುಂದಿನ ಬಾಗಿಲು ತೆರೆದೇ ಇತ್ತು. ಸ್ತಾನೆ ಮೂರು ಸಲ ಹೇಳಿದ, "ನೀರು, ಕ್ಯಾಪ್ಟನ್." ತ್ರಿಪೋ "ಪಂಪು" ಎಂದ, ಆಮೇಲೆ "ಅದು," ಎಂದ, ಆಮೇಲೆ ಏನೂ ಹೇಳಲಿಲ್ಲ. ನೀಲಿ ಒಂದೊಂದೇ ಕೋಣೆ ದಾಟಿ ಬಂತು. ನೋಡುತ್ತಾ ಕೂತಿರುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಪರದೆ ಕಪ್ಪಾಯಿತು.

"ಆಗುತ್ತೆ," ಎಂದ ತ್ರಿಪೋ. "ಮತ್ತೊಂದ್ಸಲ."

ಎರಡನೆಯ ಸಲ ಆರು ನಿಮಿಷ.

ತ್ರಿಪೋ ಹೆಡ್‌ಫೋನ್ ತೆಗೆದಿಟ್ಟು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ನನ್ನ ಕೈಗಳನ್ನು ನೋಡಿದ. ಅವು ಇನ್ನೂ ತೊಡೆಯ ಕೆಳಗೇ ಇದ್ದವು.

"ಹಾಗಾದ್ರೆ ಇಷ್ಟು ದಿನ ನಡೆಸಿದ್ದು ನಾನಲ್ಲ."

"ಅಲ್ಲ," ಎಂದೆ.

"ಯಾವಾಗಿಂದ?"

"ಮಾರ್ಚಿಂದ."

ಅಳುತ್ತಾನೆ ಅಂದುಕೊಂಡಿದ್ದೆ. ಸಮಾಧಾನದ ಮಾತುಗಳನ್ನು ಬೆಳಿಗ್ಗೆಯಿಂದ ಜೋಡಿಸಿಟ್ಟುಕೊಂಡಿದ್ದೆ. ಅವನು ಅಳಲಿಲ್ಲ. ನಲವತ್ತು ವರ್ಷದಲ್ಲಿ ನಾನು ಕೇಳದ ದನಿಯಲ್ಲಿ, ಬಹುಶಃ ಅವನ ನಾವಿಕರು ಮಾತ್ರ ಕೇಳಿದ್ದ ದನಿಯಲ್ಲಿ ಹೇಳಿದ, "ಡಾಕ್ಟರು ನಿನ್ನನ್ನ ಕೇಳಿದ್ರು. ನಂಗೆ ಗೊತ್ತಿರ್ಲಿಲ್ಲ, ನಿಂಗೆ ಗೊತ್ತಿತ್ತು. ಇಪ್ಪತ್ತಾರು ಜನರನ್ನ ಹತ್ತಿಸ್ಕೊಂಡೆ ನಾನು. ನೀನು ನೋಡ್ತಾ ಕೂತಿದ್ದೆ."

"ನಿನಗೆ ಬೇಜಾರಾಗುತ್ತೆ ಅಂತ."

"ನಂಗೆ ಬೇಜಾರಾದ್ರೆ ಯಾರ ಮಣಿಕಟ್ಟೂ ಮುರಿಯಲ್ಲ, ದರಿಂಕ."

ಅಂಗಿ ಬದಲಿಸಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡ. ನಾನೂ ಹಿಂದೆಯೇ ಹೊರಟೆ. ಬರಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ.

ನಿಕ್ಷಾ ಕಟ್ಟೆಯ ಮೇಲೆ ಬಲೆ ಬಿಡಿಸುತ್ತಾ ಕೂತಿದ್ದ. ತ್ರಿಪೋ ದೋಣಿಯ ಕೀಲಿಕೈಯನ್ನು ಅವನ ಪಕ್ಕದಲ್ಲಿಟ್ಟ. "ಎಂಜಿನ್‌ಗೆ ಏನೂ ಆಗಿಲ್ಲ. ನನ್ನ ತಲೆಗೆ ಆಗಿರೋದು. ಆಂದ್ರೋನ ಮನೆಗೆ ಈಗ್ಲೇ ಹೋಗು," ಎಂದ.

"ತ್ರಿಪೋ ಚಿಕ್ಕಪ್ಪ, ಏನಂತಿದೀರಿ ನೀವು?" ನಿಕ್ಷಾ ನನ್ನ ಕಡೆ ನೋಡಿದ. ಅವನು ತಮಾಷೆ ಮಾಡುತ್ತಿದ್ದಾನೆ ಎಂದು ನಾನು ಹೇಳಲಿ ಎನ್ನುವಂತೆ.

"ನಿಜ ಹೇಳ್ತಿದಾನೆ," ಎಂದೆ. "ನಿನಗೆ ಅವತ್ತು ನಾನು ಸುಳ್ಳು ಹೇಳಿದೆ. ನನಗೆ ಮೊದಲೇ ಗೊತ್ತಿತ್ತು."

ನಿಕ್ಷಾ ಬಲೆ ಬದಿಗಿಟ್ಟು ಎದ್ದ. ತ್ರಿಪೋನನ್ನು ತಬ್ಬಿಕೊಂಡ. ನನ್ನ ಕಡೆ ತಿರುಗಲಿಲ್ಲ. ಆಂದ್ರೋನ ಮನೆಯ ಮೆಟ್ಟಿಲು ಹತ್ತಿ ಹೋದ.

ಮೇ 16

ತ್ರಿಪೋ ಆಸ್ಪತ್ರೆಗೆ ಹೋಗಿ ಆ ಗಾಯಕಿಯನ್ನು ಕಂಡು ಬಂದ. ಒಬ್ಬನೇ ಹೋಗುತ್ತೇನೆ ಎಂದ. ಬಸ್ ನಿಲ್ದಾಣದವರೆಗೆ ಬಿಡಲಿಕ್ಕೂ ನನ್ನನ್ನು ಬಿಡಲಿಲ್ಲ. ಬರುವುದು ಒಂದು ಗಂಟೆ ತಡವಾಯಿತು. ಆ ಒಂದು ಗಂಟೆ ನಾನು ಕಟ್ಟೆಯ ಈ ತುದಿಯಿಂದ ಆ ತುದಿಗೆ ನಡೆದೆ. ತಪ್ಪು ಬಸ್ಸು ಹತ್ತಿದ್ದನಂತೆ, ಕೇಳಿಕೊಂಡು ಇಳಿದನಂತೆ.

ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಆಂದ್ರೋ ಕೆಲಸಕ್ಕೆ ಮರಳಿದ್ದಾನೆ. ಅವನ ಹೆಂಡತಿ ನನ್ನನ್ನು ಕಂಡು ರಸ್ತೆಯ ಆಚೆ ಬದಿಗೆ ದಾಟಿದಳು.

ಮೇ 23

ರಾಜಧಾನಿ ಪೊದ್ಗೊರಿತ್ಸಾಕ್ಕೆ ಹೋಗಿದ್ದೆವು. ನರರೋಗದ ವೈದ್ಯ, ಬೋಳುತಲೆ, ಮೆಲುಮಾತಿನವನು. ನನ್ನನ್ನು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, "ಏನೇ ಕೇಳಿದ್ರೂ ನೀವು ಉತ್ತರ ಹೇಳ್ಬಾರ್ದು," ಎಂದ.

ಗಡಿಯಾರದ ಚಿತ್ರ ಬರೆಯಲು ಹೇಳಿದ. ತ್ರಿಪೋ ಅಂಕಿಗಳನ್ನೆಲ್ಲ ಒಂದೇ ಬದಿಗೆ ತುಂಬಿದ. ಮೊದಲು ತಾನು ಹೇಳಿದ್ದ ಐದು ಪದಗಳು ನೆನಪಿವೆಯೇ ಎಂದು ವೈದ್ಯ ಕೇಳಿದ. ತ್ರಿಪೋ ಎರಡು ಹೇಳಿದ. ಮೂರನೆಯದಕ್ಕೆ ನನ್ನ ಕಡೆ ತಿರುಗಿದ. ನನಗೆ ಐದೂ ನೆನಪಿದ್ದವು. ತುಟಿ ಒಳಗೆಳೆದುಕೊಂಡೆ. ಅವನು ನನ್ನನ್ನೇ ನೋಡುತ್ತಿದ್ದ, ನಾನು ನೆಲದ ಹಾಸುಗಲ್ಲು ನೋಡಿದೆ. ಕೊನೆಗೆ ವೈದ್ಯನ ಕಡೆ ತಿರುಗಿ, "ಗೊತ್ತಾಗ್ತಿಲ್ಲ," ಎಂದ.

"ಸರಿ," ಎಂದು ವೈದ್ಯ ಬರೆದುಕೊಂಡ. ಕಾಯಿಲೆಯ ಹೆಸರು ಹೇಳಿದ. ನಾನು ಅಂದುಕೊಂಡದ್ದೇ. ಮಾತ್ರೆಗಳಿಂದ ವೇಗ ಕಡಿಮೆ ಮಾಡಬಹುದಂತೆ, ನಿಲ್ಲಿಸಲಾಗುವುದಿಲ್ಲವಂತೆ.

ವಾಪಸು ಬರುವಾಗ ಬಸ್ಸಿನಲ್ಲಿ ಬುದ್ವಾ ಪಟ್ಟಣ ದಾಟಿದೆವು. ಆಮೇಲೆ, "ಇನ್ಮೇಲೆ ನಾನು ಕೇಳಿದ್ರೆ ಮಾತ್ರ ಹೇಳು," ಎಂದ. ಒಂದು ವಾರದಲ್ಲಿ ಅವನು ನನ್ನ ಜೊತೆ ಆಡಿದ ಮೊದಲ ಪೂರ್ತಿ ವಾಕ್ಯ.

"ನಿಂಗೆ ಅಪಾಯ ಆಗೋ ಹಾಗಿದ್ರೆ?"

"ಆಗ ಕೂಗು. ಊರಿಗೆಲ್ಲ ಕೇಳೋ ಹಾಗೆ ಕೂಗು. ಗುಟ್ಟಾಗಿ ಮಾತ್ರ ಏನೂ ಮಾಡ್ಬೇಡ."

ಮೇ 29, ಗುರುವಾರ

ಸ್ತಾನೆ ಈಗ ಕ್ಯಾಪ್ಟನ್. ಬೇಡ ಬೇಡ ಎನ್ನುತ್ತಲೇ ಒಪ್ಪಿಕೊಂಡ. ಆಟ ಓಡಿಸುವುದೂ ಈಗ ಅವನ ಮಗಳ ಕಂಪ್ಯೂಟರ್, ನಾನೇ ಕೇಳಿ ಅವಳಿಗೆ ದಾಟಿಸಿದೆ. ತ್ರಿಪೋಗೆ ಗೋಡೆಯ ಬಿರುಕು ಬೆಸೆಯುವ ಕೆಲಸ. ನಾನೂ ಸಿಬ್ಬಂದಿಯಾಗಿ ಹತ್ತಿದ್ದೇನೆ. ಆ ಹುಡುಗಿ ನನಗೆ ಗಡ್ಡದ ಮನುಷ್ಯನ ವೇಷ ಕೊಟ್ಟಿದ್ದಾಳೆ. ಏಣಿ ಹತ್ತಲಿಕ್ಕೇ ಹತ್ತು ನಿಮಿಷ ಬೇಕಾಯಿತು.

"ಅತ್ತಿಗೆ, ಅದು ಏಣಿ ಅಲ್ಲ, ಅದು ನಾನು," ಎಂದ ಯೋಸೋ.

ಇಪ್ಪತ್ತನೆಯ ನಿಮಿಷಕ್ಕೆ ದೋಣಿ ಬಂಡೆಗೆ ಬಡಿಯಿತು. ನಾನು ಹಿಂದಿನ ಕೋಣೆಯಲ್ಲಿದ್ದೆ, ನೀರು ಸೊಂಟಕ್ಕೆ ಬಂತು. ಮೇಲಿನಿಂದ ಸೀಳಿ ನೋಡುವಾಗ ನೀಲಿಯಾಗಿ ಕಾಣುತ್ತಿದ್ದದ್ದು ಒಳಗಿನಿಂದ ಕಪ್ಪು.

"ಎಲ್ಲಿದೀಯ?" ಎಂದ ತ್ರಿಪೋ.

"ಹಿಂದಿನ ಕೋಣೆ."

ಹೆಜ್ಜೆ ಸದ್ದು ದೂರ ಹೋಯಿತು.

"ಇಲ್ಲಿ ಯಾರೂ ಇಲ್ಲ. ಇದು ಹಿಂದಾ, ಮುಂದಾ?"

"ಮುಂದು."

"ಸರಿ. ತಡ್ಕೋ, ಬರ್ತೀನಿ."

ಬಂದ. ಬಿರುಕನ್ನು ಬೆಸೆದ. ಅದು ಬೇರೆ ಬಿರುಕು, ನೀರು ಬರುತ್ತಿದ್ದದ್ದು ಪಕ್ಕದ್ದರಿಂದ. ಅಷ್ಟರಲ್ಲಿ ಸ್ತಾನೆ ಇನ್ನೊಂದು ಬಂಡೆಗೆ ಬಡಿಸಿದ. ಒಟ್ಟು ನಲವತ್ತು ನಿಮಿಷ ಇದ್ದೆವು.

"ಎಲ್ಲರೂ ಹೋದ್ರಾ?" ಎಂದು ಯೋಸೋ ಕೇಳಿದ.

"ಎಲ್ಲರೂ," ಎಂದ ಸ್ತಾನೆ. "ಕ್ಯಾಪ್ಟನ್ ಕೆಲಸ ನಂಗೆ ಬೇಡ ಅಂದಿದ್ದೆ."

"ಹೆದರುಪುಕ್ಲ," ಎಂದ ತ್ರಿಪೋ. "ಕಾಫಿ ಕುಡಿದು ಬರ್ತೀವಿ, ಇರಿ."

ಕಾಫಿ ನಾನು ಕಾಸಿದೆ. ಸಕ್ಕರೆ ಅವನು ತರುತ್ತೇನೆಂದ. ಮೊದಲನೆಯ ಕಪಾಟು ತೆಗೆದ, ಮುಚ್ಚಿದ. ಎರಡನೆಯದು ತೆಗೆದ. ಮೂರನೆಯದರ ಮುಂದೆ ಸ್ವಲ್ಪ ಹೊತ್ತು ನಿಂತ. ನಾನು ಮೇಜಿನ ಬಳಿ ಲೋಟ ಹಿಡಿದು ಕೂತಿದ್ದೆ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ನಾಲ್ಕನೆಯದರಲ್ಲಿ ಸಿಕ್ಕಿತು.

ಕಾಫಿ ಆರಿಹೋಗಿತ್ತು. ಹಾಗೇ ಕುಡಿದು ಮತ್ತೆ ನೀರಿಗಿಳಿದೆವು.